ಕೆಳಮನೆಯ ಅಜ್ಜಿಯ ಚೀಟಿಗಳು

ಕೆಳಮನೆಯ ಅಮ್ಮನವರಿಗೆ ನಮಸ್ಕಾರ.

ನೀವು ಬಾಗಿಲ ಸಂದಿಯಲ್ಲಿಟ್ಟ ಚೀಟಿ ತಲುಪಿತು. ನಿಮ್ಮ ಮಗಳ ಸಂಸಾರ ಬರುತ್ತಿರುವುದು ಸಂತೋಷದ ವಿಷಯ. ತಿಂಗಳ ಕೊನೆಗೆ ಮಹಡಿ ಮನೆ ಬಿಟ್ಟುಕೊಡುತ್ತೇವೆ. ಹಿಂದಿನ ಬೀದಿಯಲ್ಲೇ ಒಂದು ಮನೆ ನೋಡಿದ್ದೇವೆ.

ನನ್ನ ಮಗಳ ಬಗ್ಗೆ ಟೀಚರ್, "ನೀರು ಕುಡಿದ ಹಾಗೆ ಓದ್ತಾಳೆ, ತಲೆಗೆ ಮಾತ್ರ ಏನೂ ಹೋಗಲ್ಲ. ಹೀಗೇ ಆದ್ರೆ ಇದೇ ಕ್ಲಾಸಲ್ಲಿ ಉಳೀತಾಳೆ" ಎಂದಿದ್ದರು. ಆಮೇಲೆ ನೀವು ಅವಳ ಪೆನ್ಸಿಲ್ ಬಚ್ಚಿಟ್ಟು, ಅದು ಎಲ್ಲಿದೆಯೆಂಬ ಸುಳಿವಿನ ಚೀಟಿ ಬರೆಯುವ ಆಟ ಶುರುಮಾಡಿದಿರಿ. "ಈಗಷ್ಟೇ ಮಳೆಯಲ್ಲಿ ಬಂದವರ ಚಪ್ಪಲಿ ಕೆಳಗಿದೆ" ಎಂದು ಬರೆದ ದಿನ ಅವಳು ಒಂದೊಂದೇ ಚಪ್ಪಲಿ ಮುಟ್ಟಿ ನೋಡಿ, ಒದ್ದೆಯಾಗಿದ್ದುದನ್ನು ಎತ್ತಿದಳು. ಅರ್ಧ ಹೇಳಿ, ಉಳಿದರ್ಧ ಮಗುವೇ ಹುಡುಕುವ ತನಕ ಸುಮ್ಮನೆ ಕೂರುವ ನಿಮ್ಮ ತಾಳ್ಮೆ ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

ಬಾಗಿಲಲ್ಲಿಟ್ಟ ಈ ಚೀಟಿಯನ್ನೂ ಆಟದ್ದೆಂದುಕೊಂಡು ಅವಳೇ ಮೊದಲು ಓದಿದಳು.

"ಅಮ್ಮಾ, ಅಜ್ಜಿ ಮಗಳಿಗೆ ಮೇಲಿನ ಮನೆ ಬೇಕಂತೆ. ಅಂದ್ರೆ ನಾವು ಹೋಗ್ಬೇಕು."

"ಹೋಗಿ ಅಂತ ಎಲ್ಲೇ ಬರೆದಿದ್ದಾರೆ?"

"ಬರೆದಿಲ್ಲ, ಆದ್ರೂ ಹೋಗ್ಬೇಕು. ಅಜ್ಜಿಗೆ ನಮ್ಮನ್ನ ಕಳಿಸೋಕೆ ಇಷ್ಟ ಇಲ್ಲಮ್ಮ. ನೋಡು, 'ಬೇಗ' ಅಂತ ಬರೆದು ಹೊಡೆದುಹಾಕಿದ್ದಾರೆ."

ನನಗಾದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಪರೀಕ್ಷೆ ಇನ್ನೂ ಬಾಕಿಯಿದೆ. ಮನೆ ಬದಲಾದ ಮೇಲೂ ಸಂಜೆ ಸ್ವಲ್ಪ ಹೊತ್ತು ಅವಳನ್ನು ನಿಮ್ಮಲ್ಲಿಗೆ ಕಳಿಸಬಹುದೇ? ಮೊಮ್ಮಕ್ಕಳ ಗಲಾಟೆಯಲ್ಲಿ ಆಗದಿದ್ದರೆ ಸಂಕೋಚಪಡದೆ ಹೇಳಿ. ಬಾಯಲ್ಲೇ ಹೇಳಿ. ಬರೆದು ಕಳಿಸಿದರೆ ನನಗಿಂತ ಮೊದಲು ಅವಳಿಗೆ ಅರ್ಥವಾಗಿಬಿಡುತ್ತದೆ.

ಇಂತಿ,
ನಿಮ್ಮ ಮಹಡಿ ಮನೆಯವಳು