ಕತ್ತರಿಸಿ ಬಿಸಾಡಿದ ನಗು

ನಾಕೊರೊವಾಯ, ಕಂದಾವು ದ್ವೀಪ
ನವೆಂಬರ್ 11, ಶುಕ್ರವಾರ

ಪ್ರೀತಿಯ ಸೆಕೋವೆ,

ರಾತ್ರಿ ಎರಡೂವರೆಗೆ ಎಚ್ಚರವಾಯಿತು. ನಿನ್ನ ತಮ್ಮ ಮೈಕಾನ ಅಂಗಳದಲ್ಲಿ ಹುಡುಗರು ಕುಡಿಯಲು ಇನ್ನೂ ಯಂಗೋನ ಬೇರು ಕುಟ್ಟುತ್ತಿದ್ದಾರೆ. ಕಬ್ಬಿಣದ ಒರಳಿನ ಸದ್ದಿಗೆ ಮಗು ವಸಿತಿಯೂ ಎದ್ದಳು. ಹಾಲು ಕುಡಿಸಿ ಮಲಗಿಸಿದೆ. ನಿನ್ನ ಕೈಯ ಊತ ಇಳಿಯಿತೇ? ಮಾಂಸದ ಕಾರ್ಖಾನೆಯ ಚಳಿಯಲ್ಲಿ ಒಂದರ ಮೇಲೊಂದು ಕೈಗವಸು ಹಾಕಿಕೋ, ಯಾರು ನಕ್ಕರೂ ನಗಲಿ. ವಸಿತಿಗೆ ಕೆಳಗಿನ ಹಲ್ಲು ಬಂದಿದೆ, ನಿನ್ನ ಫೋಟೋವನ್ನೇ ಕಚ್ಚುತ್ತಾಳೆ. ಸಂಜೆಯಿಂದ ಫೋನ್ ಮಾಡುತ್ತಲೇ ಇದ್ದೇನೆ, ನೀನು ಎತ್ತುತ್ತಿಲ್ಲ. ರಾತ್ರಿ ಪಾಳಿಯ ಚಹಾದ ಹೊತ್ತಿಗಾದರೂ ಫೋನ್ ತೆರೆಯುತ್ತೀಯಲ್ಲ ಎಂದು ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಪಕ್ಷದ ಪುಟದಿಂದ ನೀನು ಹಂಚಿಕೊಂಡ ವಿಡಿಯೋ ನೋಡಿದೆ. ಬೆನ್ನು ತೋರಿಸಿ ನಿಂತ ಒಬ್ಬ ಮುದುಕ, 'ಬರ್ತೀವಿ ಕಣ್ರೋ, ನಿಮ್ಮೂರಲ್ಲಿರೋದೆಲ್ಲಾ ಹೊತ್ಕೊಂಡ್ ಹೋಗ್ತೀವಿ! ತಡೆಯೋ ಗಂಡ್ಸು ಯಾವನಿದ್ದಾನೆ ಇಲ್ಲಿ?' ಎನ್ನುತ್ತಾನೆ. ಹಿಂದೆ ಢಮಢಮ ನಗಾರಿ. ಮೇಲೆ ಕೆಂಪಕ್ಷರ: ಚುನಾವಣೆಯಲ್ಲಿ ಅವರು ಗೆದ್ದರೆ ನಮ್ಮ ಗತಿ ಇದೇ, ಹಂಚದವನು ಈ ಮಣ್ಣಿನವನಲ್ಲ. ಅದರ ಕೆಳಗೆ ನೀನು, 'ನನ್ನ ತಮ್ಮಂದಿರೇ, ಕೈಕಟ್ಟಿ ಕೂರಬೇಡಿ' ಎಂದು ಬರೆದಿದ್ದೀಯ. ಸೆಕೋವೆ, ಆ ಬೆನ್ನು ನನ್ನ ದೊಡ್ಡಪ್ಪ ಇಸಿಕೇಲಿಯದು. ಅದು ನಮ್ಮ ಮಗುವಿನ ದೀಕ್ಷಾಸ್ನಾನದ ಊಟ. ಮುಂದಿನ ಮಾತು, 'ಮೊದ್ಲು ಆ ಸೆಕೋವೆಯ ಹಂದಿ. ಅದಕ್ಕೂ ಅವನಿಗೂ ಒಂದೇ ಮುಖ, ಗುರುತು ಹಿಡಿಯೋದು ಸುಲಭ!' ಎಂದು. ಆಗ ನಿನ್ನ ಅಮ್ಮ ಅವರ ತಲೆಗೆ ಒಂದು ಬೋಗುಣಿ ನೀರು ಸುರಿದರು, ಇಡೀ ಚಪ್ಪರ ಉರುಳಿ ಉರುಳಿ ನಕ್ಕಿತು. ನಕ್ಕದ್ದನ್ನೆಲ್ಲ ಕತ್ತರಿಸಿ ಆ ಜಾಗಕ್ಕೆ ನಗಾರಿ ತುಂಬಿದ್ದಾರೆ. ಯಾವ ಊರು, ಯಾವ ದಿನ, ಯಾರ ಮನೆ, ಒಂದೂ ಇಲ್ಲ. ಇದೇ ಪುಟದವರು ಹೋದ ತಿಂಗಳು ತಮ್ಮ ಅಭ್ಯರ್ಥಿ ತನ್ನ ತೌವು ಊರಿನವರನ್ನು ಹೀಗೇ ಬೈದಾಗ 'ಹಿರಿಯರು ಬಿಟ್ಟುಹೋದ ಚಂದದ ಪದ್ಧತಿ' ಎಂದು ಹೂವಿನ ಚಿತ್ರ ಹಾಕಿದ್ದರು.

ತೌವು ಎಂದರೇನೆಂದು ನಿನಗೆ ನಾನು ಹೇಳಬೇಕೇ? ಒಂದೇ ಮೂಲಪುರುಷನ ಎರಡು ಊರು ನಮ್ಮವು, ನಿನ್ನದೂ ನನ್ನ ತವರೂ. ನಾವು ಬೈಯುವುದೇ ಅಪ್ಪಿಕೊಳ್ಳುವುದಕ್ಕೆ ಬದಲಾಗಿ. ಮದುವೆಯ ದಿನ ಇದೇ ದೊಡ್ಡಪ್ಪ ನಿನ್ನ ಗಲ್ಲ ಹಿಡಿದು 'ನಮ್ಮ ಹುಡುಗಿಗೆ ಕಣ್ಣು ಮಂಜು, ಇಲ್ದಿದ್ರೆ ಈ ಏಡಿಕಾಲಿನವನನ್ನ ಒಪ್ತಿದ್ಲಾ?' ಎಂದಾಗ ಎಲ್ಲರಿಗಿಂತ ಮೊದಲು ನಕ್ಕವನು ನೀನು. ಆ ನಗು ಎಲ್ಲಿ ಹೋಯಿತು? ಪರದೇಶದ ಕೋಣೆಯಲ್ಲಿ ಒಬ್ಬನೇ ಮಲಗಿ, ರಾತ್ರಿಯೆಲ್ಲ ಒಂದೇ ಪುಟ ಉಜ್ಜುತ್ತಾ ಉಜ್ಜುತ್ತಾ ನಿನ್ನ ಕಿವಿಗೆ ನಗಾರಿಯೊಂದೇ ಉಳಿಯಿತೇನೋ.

ಮೈಕಾನಿಗೆ ಹೇಳಿ ನೋಡಿದೆ. 'ಅತ್ತಿಗೆ, ನಿಮ್ಮೂರಿನವರ ಪರ ನೀವು ಮಾತಾಡ್ದೆ ಇನ್ಯಾರು ಮಾತಾಡ್ತಾರೆ? ಅಣ್ಣ ಹೇಳಿದ್ದು ಸಾಕು ನಮ್ಗೆ' ಎಂದ. ಅವನೂ ಆ ಊಟದಲ್ಲಿ ಇದ್ದವನು, ನಕ್ಕವನು! ನೆನಪು ಮಾಡಿದರೆ, 'ತಮಾಷೆಯಲ್ಲೇ ಅಲ್ವಾ ನಿಜ ಬಾಯಿಗೆ ಬರೋದು' ಅನ್ನುತ್ತಾನೆ. ಕಣ್ಣಾರೆ ಕಂಡದ್ದಕ್ಕಿಂತ ಫೋನಿನಲ್ಲಿ ಕಂಡದ್ದೇ ಅವನಿಗೆ ದೊಡ್ಡದಾಗಿದೆ. ಅತ್ತೆ 'ಸುಮ್ನಿರು ಮಗಳೇ' ಎಂದು ಅಳುತ್ತಾರೆ. ಊರ ಮುಖ್ಯಸ್ಥರು ಚುನಾವಣೆಯ ಸಭೆಗೆ ರಾಜಧಾನಿ ಸುವಾಕ್ಕೆ ಹೋಗಿದ್ದಾರೆ.

ದೊಡ್ಡಪ್ಪ ಮಾತು ಕೊಟ್ಟಂತೆ ಇವತ್ತು ಬೆಳಗಿನ ಭರತಕ್ಕೆ ದೋಣಿಯಲ್ಲಿ ಬರುತ್ತಾರೆ, ಹಂದಿ ಹೊತ್ತುಕೊಂಡು ಹೋಗಲು. ಪದ್ಧತಿಯಂತೆ ಬೈಯುತ್ತಲೇ ದಡ ಹತ್ತುತ್ತಾರೆ. ಅವರೂರಿನಲ್ಲಿ ಸಿಗ್ನಲ್ ಇಲ್ಲ, ಬರಬೇಡಿ ಎನ್ನಲು ದಾರಿಯಿಲ್ಲ. ಹುಡುಗರು ಕುಡಿದು ಹೊತ್ತು ಕಳೆಯುತ್ತಿರುವುದು ಅದಕ್ಕೇ. ಕತ್ತಿಗಳು ಗೋಡೆಗೆ ಒರಗಿವೆ. ಯಾರೂ ನಗುತ್ತಿಲ್ಲ.

ಅತ್ತೆಯ ಮುತ್ತುಗಳು, ವಸಿತಿಯ ಕಚ್ಚುಗಳು. ದೇವರು ನಿನ್ನ ಕೈ ಕಾಯಲಿ.

ನಿನ್ನ
ಅಕಾನಿಸಿ

ಮತ್ತೆ: ಇದನ್ನು ಬರೆಯಬಾರದೆಂದಿದ್ದೆ. ವಿಡಿಯೋದ ಮೂಲೆಯಲ್ಲಿ ವಸಿತಿಯ ಹಳದಿ ಕಂಬಳಿಯ ಅಂಚು ಕಾಣುತ್ತದೆ. ಅವಳು ನನ್ನ ತೊಡೆಯ ಮೇಲಿದ್ದಳು. ಅದು ನನ್ನ ಫೋನಿನಲ್ಲಿ ತೆಗೆದದ್ದು. ಅದನ್ನು ಕಳಿಸಿದ್ದು ನಿನಗೊಬ್ಬನಿಗೇ, ನಗುವಿನ ಸಮೇತ. ಯಾರ ಕೈಗೆ ಕೊಟ್ಟೆ, ಯಾರು ಕತ್ತರಿಸಿದರು ಎಂದು ನಾನು ಕೇಳುವುದಿಲ್ಲ, ಎಂದೂ ಕೇಳುವುದಿಲ್ಲ. ಮೈಕಾ ನಿನ್ನ ಮಾತೊಂದನ್ನೇ ಕೇಳುತ್ತಾನೆ. ಬೆಳಗಾಗುವ ಮೊದಲು ಅವನಿಗೆ ಫೋನ್ ಮಾಡು, ಸೆಕೋವೆ, ಕಾಲಿಗೆ ಬೀಳುತ್ತೇನೆ, ಬೆಳಗಾಗುವ ಮೊದಲು.