ಗಾಜಿನ ನಡುವೆ ಬೆಗಿಮಾಯ್

ಮಾರ್ಚ್ 3, ಬೆಳಿಗ್ಗೆ
‘ಹೆಸರಿಟ್ಟದ್ದು ಉಳಿಯುತ್ತದೆ...’ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಪದ್ಯ. ಹಾಗೇ ಇತ್ತೇ? ಇಲ್ಲ, ‘ಹೆಸರಷ್ಟೇ ಉಳಿಯುತ್ತದೆ’ ಎಂದಿತ್ತೇ? ಎರಡಕ್ಕೂ ಎಷ್ಟು ದೂರ. ಮುಂದಿನ ಸಾಲಂತೂ ನೆನಪಿಲ್ಲ.

ಇವತ್ತು ಹನ್ನೊಂದು ಸ್ಲೈಡ್ ಅಳೆದೆ. ಲಾಂಗಿಡೋರಸ್ — ಬೇರಿಗೆ ಸೂಜಿ ಚುಚ್ಚಿ ರಸ ಹೀರುವ ದುಂಡುಹುಳುಗಳ ಕುಲ. ಕಿರ್ಗಿಜ್ ನೆಲದ ಪ್ರಭೇದಗಳನ್ನೆಲ್ಲ ಹೊಸದಾಗಿ ವಿಂಗಡಿಸಿ ಏಪ್ರಿಲ್ ಒಂದಕ್ಕೆ ಸಂಪಾದಕರಿಗೆ ಕೊಡಬೇಕು. ಕುಲಿಪಾ ಎಜೆಯ ಸ್ಲೈಡ್ ಪೆಟ್ಟಿಗೆಯೊಂದೇ ಬಾಕಿ. ಮಕ್ಕಳು ಸಿಹಿಯನ್ನು ಕೊನೆಗೆ ಇಟ್ಟುಕೊಳ್ಳುವ ಹಾಗೆ ಇಟ್ಟುಕೊಂಡಿದ್ದೆ. ಎಜೆ ಎಂದರೆ ಅಕ್ಕ; ನನಗೆ ಸೂಕ್ಷ್ಮದರ್ಶಕ ನೋಡಲು ಕಲಿಸಿದ ಗುರು. ಅವರು ಹೆಸರಿಟ್ಟದ್ದು ಒಂದೇ ಪ್ರಭೇದಕ್ಕೆ — ಲಾಂಗಿಡೋರಸ್ ಬೆಗಿಮಾಯೀ. ಬೆಗಿಮಾಯ್ ಅವರ ಮಗಳು. ತೊಂಬತ್ಮೂರರ ಚಳಿಗಾಲದಲ್ಲಿ ಹುಟ್ಟಿ ಐವತ್ತು ದಿನ ಬದುಕಿದ್ದಳು.

ಮಾರ್ಚ್ 5
ಬೆಗಿಮಾಯೀ ಸ್ಲೈಡನ್ನು ಎರಡು ಸಲ ಅಳೆದೆ. ಮೈಯುದ್ದ, ಸೂಜಿಯುದ್ದ, ಸೂಜಿಯ ಸುತ್ತ ಬಳೆ ಕೂತಿರುವ ಜಾಗ, ಮೊಂಡು ಬಾಲ... ಎಲ್ಲವೂ ಹಳೆಯ ಎಲಾಂಗೇಟಸ್ ಪ್ರಭೇದದ್ದೇ. ಬೇರೆಯಾಗಿರುವುದು ಅಗಲ ಮಾತ್ರ. ಅಗಲ ಮೈ, ಅಗಲ ತುಟಿ. ಎಜೆ ಪ್ರಬಂಧದಲ್ಲಿ ಬರೆದಿರುವುದೂ ಅದನ್ನೇ.

ಗಾಜಿನಡಿ ಒತ್ತಿಹೋದರೂ ಹುಳು ಅಗಲವಾಗುತ್ತದೆ.

ಮಾರ್ಚ್ 8
ಮಹಿಳಾ ದಿನ. ಟ್ಯುಲಿಪ್ ಹಿಡಿದು ಎಜೆಯ ಮನೆಗೆ ಹೋದೆ. ಎಜೆ ಮಂಚದಿಂದ ಏಳುವುದಿಲ್ಲ ಈಗ. ಕೆಳಮನೆಯ ವೆನೇರಾ ಮೂರು ಹೊತ್ತೂ ಬಂದು ನೋಡಿಕೊಳ್ಳುತ್ತಾಳೆ.

“ಹೂ ತಂದ್ಯಾ? ಮಂಡಿನೋವಿಗೆ ಹಚ್ಕೋಬಹುದಾ ಇದನ್ನ?”

“ನೋಡು ಇವರ ಮಾತು,” ಎಂದಳು ವೆನೇರಾ. “ಸೂಪು ಕುಡಿಸೋಳು ನಾನು, ದಾರಿ ಕಾಯೋದು ನಿನಗೆ.”

“ನಿನ್ನ ಸೂಪಿಗಾ? ಅದಕ್ಕೆ ಉಪ್ಪು ಹಾಕೋದಕ್ಕೇ ಯಾರಾದ್ರೂ ಬರ್ಲಿ ಅಂತ ಕಾಯ್ತೀನಿ.” ಆಮೇಲೆ ನನ್ನ ಕಡೆ ತಿರುಗಿ, “ಚೊಲ್ಪೋನ್, ನನ್ನ ಹುಡುಗಿ ಎಷ್ಟನೇ ಪುಟದಲ್ಲಿದಾಳೆ?”

“ಇನ್ನೂ ಪುಟ ಹಾಕಿಲ್ಲ ಎಜೆ.”

“ಹಾಕು ಬೇಗ. ಕಣ್ಣು ಮುಚ್ಚೋದ್ರೊಳಗೆ ಕೈಯಲ್ಲಿ ಹಿಡೀಬೇಕು.”

ಮಾರ್ಚ್ 12, ಮಧ್ಯಾಹ್ನ 3
ಹುಳುವನ್ನು ಬಿಟ್ಟು ಅದರ ಪಕ್ಕ ನೋಡಿದೆ. ಮುಚ್ಚುಗಾಜು ಹುಳುವನ್ನು ಅಪ್ಪಚ್ಚಿ ಮಾಡದಿರಲಿ ಎಂದು ಹುಳುವಿನಷ್ಟೇ ದಪ್ಪದ ಗಾಜಿನ ಎಳೆಗಳನ್ನು ಪಕ್ಕಕ್ಕಿಡುತ್ತೇವೆ. ಎಜೆ ಕಲಿಸಿದ ಮೊದಲ ಪಾಠವೇ ಅದು. ಇಲ್ಲಿರುವುದು ಗಾಜಲ್ಲ. ಮಾಸಲು ಕಂದು. ಕೂದಲು. ಹುಳುವಿಗಿಂತ ಎಷ್ಟೋ ತೆಳು. ಮೂರೆಳೆಯೂ ತುದಿಯಲ್ಲಿ ಚೂಪಾಗುತ್ತ ಹೋಗಿವೆ.

ಕತ್ತರಿ ಕಂಡ ಕೂದಲಿನ ತುದಿ ಮೊಂಡಾಗಿರುತ್ತದೆ. ಇದು ಕತ್ತರಿ ಕಾಣದ ತುದಿ. ನಮ್ಮಲ್ಲಿ ಮಗುವಿನ ನಲವತ್ತನೇ ದಿನ ಬೋಳಿಸಿ, ಬಟ್ಟೆಚೀಲದಲ್ಲಿ ಹೊಲಿದು, ತಾಯಿ ಸಾಯುವ ತನಕ ಇಟ್ಟುಕೊಳ್ಳುವ ಹೊಟ್ಟೆಗೂದಲು.

ದೀಪ ಆರಿಸಿ ಕೂತೆ.

ಮಾರ್ಚ್ 17
ಎಜೆಗೆ ಆ ಹುಳು ಸಿಕ್ಕಿದ್ದ ಆಕ್ರೋಟು ಕಾಡಿನಿಂದ ಮಣ್ಣು ತರಿಸಿದ್ದೆ. ಎಲಾಂಗೇಟಸ್ ಸಿಕ್ಕಿತು. ಒಂದನ್ನು ಗಾಜಿನ ಎಳೆಯ ಜೊತೆ ಕೂರಿಸಿದೆ. ಇನ್ನೊಂದಕ್ಕೆ, ಅಲಮಾರಿಯಲ್ಲಿದ್ದ ಚೀಲ ಬಿಚ್ಚಿ ನನ್ನ ಮಗಳ ಹೊಟ್ಟೆಗೂದಲು ತೆಗೆದೆ. ಅವಳಿಗೀಗ ಇಪ್ಪತ್ತು. ಕೇಳಿದ್ದರೆ ನಗುತ್ತಿದ್ದಳು. ಚಿಮಟದಿಂದ ಮೂರೆಳೆ ಹುಳುವಿನ ಪಕ್ಕಕ್ಕಿಟ್ಟು ಗಾಜು ಮುಚ್ಚಿದೆ.

ಮೊದಲನೆಯದು ಎಲಾಂಗೇಟಸ್ ಆಗಿಯೇ ಉಳಿಯಿತು. ಎರಡನೆಯದು ಗಾಜಿನ ಭಾರಕ್ಕೆ ಅಗಲವಾಯಿತು. ಅಗಲ ಮೈ, ಅಗಲ ತುಟಿ... ಬೆಗಿಮಾಯೀ.

ಮಾರ್ಚ್ 21, ನೋರುಜ್ ಹೊಸವರ್ಷ
ಮೊಳಕೆಗೋಧಿಯ ಸುಮೊಲೋಕ್ ಒಂದು ಬಟ್ಟಲು ಒಯ್ದೆ. ಎಜೆ ಎರಡು ಚಮಚ ತಿಂದರು. ಕೇಳಬಾರದಿತ್ತು. ಕೇಳಿಬಿಟ್ಟೆ.

“ಎಜೆ, ತೊಂಬತ್ನಾಲ್ಕರಲ್ಲಿ ಗಾಜಿನ ಎಳೆ ಎಲ್ಲಿಂದ ತರಿಸ್ತಿದ್ರಿ?”

ಕಿಟಕಿಯ ಕಡೆ ನೋಡಿದರು. ಕೆಳಗೆ ಮಕ್ಕಳು ಕೂಗಾಡುತ್ತಿದ್ದವು.

“ಎಲ್ಲಿಂದ ಬರ್ಬೇಕು? ಮಾಸ್ಕೋದಿಂದ ಏನೂ ಬರ್ತಿರ್ಲಿಲ್ಲ. ಕರೆಂಟೂ ಇಲ್ಲ, ಎಳೆಯೂ ಇಲ್ಲ.” ಬಟ್ಟಲನ್ನು ನನ್ನ ಕಡೆ ಸರಿಸಿ, “ಮನೇಲಿ ಇದ್ದದ್ರಲ್ಲೇ ಮಾಡ್ದೆ. ತಿನ್ನು ನೀನು, ಆರಿಹೋಗುತ್ತೆ.”

ಬಟ್ಟಲು ಆಗಲೇ ಆರಿತ್ತು.

ಮಾರ್ಚ್ 25
ಬರೆದೆ: ‘ಬೆಗಿಮಾಯೀ ಪ್ರತ್ಯೇಕ ಪ್ರಭೇದವಲ್ಲ; ಎಲಾಂಗೇಟಸ್‌ನಲ್ಲೇ ಸೇರುತ್ತದೆ.’ ಅಳಿಸಿದೆ. ಮತ್ತೆ ಬರೆದೆ.

ಸುಮ್ಮನಿದ್ದರೆ? ನಾಳೆ ಯಾವ ವಿದ್ಯಾರ್ಥಿಯ ಕೈಯಲ್ಲಿ ಚಪ್ಪಟೆಯಾದ ಹುಳು ಸಿಕ್ಕರೂ ಅದು ಬೆಗಿಮಾಯೀ ಆಗುತ್ತದೆ. ನನ್ನ ಸಹಿಯಿರುವ ಪುಸ್ತಕ ನೋಡಿಯೇ. ಬರೆದರೆ? ಆ ಮಗುವಿಗೆ ಗೋರಿಕಲ್ಲಿನ ಮೇಲೂ ಹೆಸರಿಲ್ಲ. ಅದರ ಹೆಸರಿರುವುದು ಈ ಒಂದು ಹುಳುವಿಗೆ ಮಾತ್ರ. ಎಜೆಯೇ ಕಲಿಸಿದ್ದು — ಕಂಡದ್ದನ್ನು ಬರೆ, ಬೇಕಾದ್ದನ್ನಲ್ಲ.

ಮಾರ್ಚ್ 30
ಪುಟದ ಎರಡು ಪ್ರತಿ ಚೀಲದಲ್ಲಿ. ಒಂದರಲ್ಲಿ ಅವಳಿದ್ದಾಳೆ, ಇನ್ನೊಂದರಲ್ಲಿಲ್ಲ. ಎಜೆಗೆ ಯಾವುದನ್ನು ಓದಿ ಹೇಳುವುದೆಂದು ದಾರಿಯುದ್ದಕ್ಕೂ ತಿಳಿಯಲಿಲ್ಲ.

ಎಜೆಯ ಮನೆಯಂಗಳದಲ್ಲಿ ಸಾವಿಗೆ ಹಾಕುವ ಬಿಳಿ ಗುಡಾರ ಎತ್ತುತ್ತಿದ್ದರು. ಹೆಂಗಸರ ಅಳು ರಸ್ತೆಗೇ ಕೇಳಿಸುತ್ತಿತ್ತು. ಆದರೂ ಮೆಟ್ಟಿಲು ಹತ್ತಿದೆ, ಬೇರೆ ಯಾರದ್ದೋ ಮನೆಯ ಸಾವು ಎಂಬಂತೆ.

ಬಾಗಿಲಲ್ಲಿ ವೆನೇರಾ ನಿಂತಿದ್ದಳು, ತಲೆಗೆ ಕಪ್ಪು ವಸ್ತ್ರ. ಒಳಗೆ ಬಿಡಲಿಲ್ಲ, ಮೊದಲು ತೋಳು ಹಿಡಿದುಕೊಂಡಳು.

“ಬೆಳಕು ಹರಿಯೋ ಹೊತ್ತಿಗೆ ಹೋದ್ರು ಕಣೇ. ಮಗೂ ಕೂದ್ಲು ಜೊತೆಗಿಡೋಣ ಅಂತ ಚೀಲ ಬಿಚ್ಚಿದ್ರೆ ಖಾಲಿ. ನಿನ್ನೆ ಏನೋ ಹೇಳಿದ್ರು, ಜ್ವರದ ಬಡಬಡಿಕೆ ಅಂದ್ಕೊಂಡೆ ನಾನು... ‘ಚೊಲ್ಪೋನ್ ನೋಡ್ಬಿಟ್ಟಿದಾಳೆ. ಪುಸ್ತಕದಿಂದ ತೆಗೀಲಿ, ಅದೇ ಸರಿ. ಆ ಸ್ಲೈಡಿನ ಗಾಜು ಮಾತ್ರ ಬಿಚ್ಚಬೇಡ ಅನ್ನು.’”