ಎಡಗಿವಿಯ ಚಿತ್ರ

ಮನೆ,
ಹನ್ನೊಂದನೆಯ ತಾರೀಖು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ಕಳೆದ ಸಲ ಕೊಟ್ಟು ಕಳಿಸಿದ ಉಣ್ಣೆಯ ಪಟ್ಟಿಯನ್ನು ಕಾಲಿಗೆ ಕಟ್ಟಿಕೊಂಡೆಯೋ, ಗಾಳಿ ಅಳೆಯುವ ಯಂತ್ರಕ್ಕೆ ಸುತ್ತಿಟ್ಟೆಯೋ, ನಿನ್ನನ್ನು ನಂಬುವ ಹಾಗಿಲ್ಲ. ಘಾಟಿಯ ಮೇಲಿನ ಹವಾಮಾನ ಠಾಣೆಯ ಒಲೆ ಹೊಗೆ ಕಾರುವುದನ್ನು ನಿಲ್ಲಿಸಿತೇ? ಅಪ್ಪ ಚೆನ್ನಾಗಿದ್ದಾರೆ. ಊಟ, ನಿದ್ದೆ, ನನ್ನ ಮೇಲಿನ ಗೊಣಗಾಟ ಎಲ್ಲ ಹೊತ್ತು ಹೊತ್ತಿಗೆ ನಡೆದಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಕೈ ನಿಂತಿತು. ಚೆನ್ನಾಗಿಲ್ಲ. ಹೆದರಿದ್ದೇನೆ.

ಮೊದಲು ಒಂದು ಮಾತು, ಆಮೇಲೆ ಉಳಿದದ್ದು. ಸೋಮವಾರ ನೀನು ಕೆಳಗಿನ ಠಾಣೆಗೆ ಇಳಿದ ಕೂಡಲೇ ಮೇಲೆ ಸಿಗ್ನಲ್ ಇಲ್ಲವೆಂದು ಪೆಟ್ಟಿಗೆಯಲ್ಲಿಟ್ಟು ಹೋದ ಫೋನನ್ನು ತೆಗೆಯುತ್ತೀಯಲ್ಲ, ಈ ಕಾಗದವನ್ನು ಕೊನೆಯ ತನಕ ಓದದೆ ಅದನ್ನು ಚಾಲೂ ಮಾಡಬೇಡ. ಮಾಡಿದರೆ ನನ್ನ ಹೆಸರಿನಲ್ಲಿ ಒಂದು ಸಂದೇಶ ಕಾದಿರುತ್ತದೆ. ಕಿವಿಯ ಚಿತ್ರವಿದೆ, ಕೆಳಗೆ ನೀಲಿ ಅಕ್ಷರದಲ್ಲಿ ಒಂದು ಕೊಂಡಿ. ಅದು ನಾನು ಕಳಿಸಿದ್ದಲ್ಲ. ಮುಟ್ಟಬೇಡ. ಕುತೂಹಲಕ್ಕೂ ಮುಟ್ಟಬೇಡ.

ಇದನ್ನು ಬಾಯಿಂದ ಹೇಳಿಸಬಹುದಿತ್ತು ಎನ್ನುತ್ತೀಯ. ಹೇಳಿಸಲು ನೋಡಿದೆ. ನಿನ್ನೆ ನಮ್ಮ ಮುದ್ರಣಾಲಯದ ಫೋನಿನಿಂದ ಕೆಳಗಿನ ಠಾಣೆಗೆ ಮಾಡಿದೆ. ನಿನ್ನ ಜೊತೆ ಕೆಲಸ ಮಾಡುವ ಆ ಒಳ್ಳೆಯ ಮನುಷ್ಯ ತೆಗೆದುಕೊಂಡರು. ಲೈನಿನಲ್ಲಿ ಮರಳು ಜರಡಿ ಹಿಡಿದಂಥ ಸದ್ದು. ನಾನು ಐದು ನಿಮಿಷ ವಿವರಿಸಿದ ಮೇಲೆ, "ತಿಳೀತು ಅಕ್ಕಾ, ನಿಮ್ಮ ಫೋನು ಕೆಟ್ಟಿದೆ ಅಂತ ತಾನೇ? ವೈರ್‌ಲೆಸ್ಸಲ್ಲಿ ಹೇಳ್ತೀನಿ" ಎಂದರು. ಅಲ್ಲ ಎಂದು ಮತ್ತೆ ಶುರು ಮಾಡಿದೆ. "ಪೂರ್ತಿ ಕೆಟ್ಟಿದೆ ಅಂತಾನೇ ಹೇಳ್ತೀನಿ ಬಿಡಿ" ಎಂದು ಸಮಾಧಾನ ಮಾಡಿದರು. ಅದಕ್ಕೇ ಈ ಕಾಗದ. ನಮ್ಮ ಮನೆಯ ಕೆಳಗಿನ ಅಂಗಡಿಗೆ ಎಲೆಕೋಸು ಇಳಿಸಲು ಇವತ್ತು ಮಧ್ಯಾಹ್ನ ಲಾರಿ ಬರುತ್ತದೆ. ನೀನು ನಿಧಾನಣ್ಣ ಎಂದು ಕರೆಯುವ ಆ ಡ್ರೈವರು ವಾಪಸು ಹೋಗುವುದು ನಿಮ್ಮ ಠಾಣೆಯ ಮುಂದೆಯೇ. ಅವರ ಕೈಯಲ್ಲಿ ಕೊಡುತ್ತೇನೆ.

ಈಗ ಮೊದಲಿನಿಂದ ಹೇಳುತ್ತೇನೆ. ಹೋದ ವಾರ ಸೋಮವಾರ ನನ್ನ ಫೋನು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಸತ್ತಿತು. ಹೊಸದು ತಂದೆ. ಅಪ್ಪನ ಕಿವಿಯಂತ್ರದ ಆ್ಯಪ್ ಇದ್ದದ್ದು ಹಳೆಯದರಲ್ಲಿ. ಯಾವ ಸದ್ದನ್ನು ಏರಿಸಬೇಕು, ಯಾವುದನ್ನು ಇಳಿಸಬೇಕು ಎಂದು ಯಂತ್ರಕ್ಕೆ ಹೇಳುವುದು ಆ ಆ್ಯಪೇ. ಅದಿಲ್ಲದೆ ಯಂತ್ರ ಎಲ್ಲವನ್ನೂ ಒಂದೇ ಸಮ ಎತ್ತಿ ಕೊಡುತ್ತದೆ. ಚಮಚ ತಟ್ಟೆಗೆ ತಗುಲಿದರೂ ಅಪ್ಪ ಬೆಚ್ಚಿ ಬೀಳುತ್ತಿದ್ದರು. "ನಲವತ್ತು ವರ್ಷ ಮಿಲ್ಲಲ್ಲಿ ಗರಗಸ ಕೇಳಿದ್ದು ಸಾಲದಾ, ಈಗ ಊಟದ ತಟ್ಟೇಲೂ ಕೇಳ್ಬೇಕಾ" ಎಂದು ಅದನ್ನು ಕಿತ್ತು ಕನ್ನಡಕದ ಡಬ್ಬಿಯಲ್ಲಿಟ್ಟರು. ನಾನು ಆ್ಯಪ್‌ಗಳ ಅಂಗಡಿಯಲ್ಲಿ ಹುಡುಕಿದರೆ ಅದು ಅಲ್ಲಿರಲಿಲ್ಲ. ಯಂತ್ರ ಮಾಡಿದ ಕಂಪನಿಯನ್ನು ಯಾರೋ ಕೊಂಡರಂತೆ, ಹಳೆಯ ಯಂತ್ರಗಳ ಆ್ಯಪನ್ನು ಅಂಗಡಿಯಿಂದ ಇಳಿಸಿಬಿಟ್ಟರಂತೆ. ಸಂಜೆ ಅಪ್ಪನಿಗೆ ಎರಡು ಕವಿತೆ ಓದಿ ಹೇಳುವುದು ನಿಂತುಹೋಯಿತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂರತೊಡಗಿದರು. ಕುಕ್ಕರು ಕೂಗಿದರೂ ತಿರುಗುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

ಬುಧವಾರ ಫೋನಿನಲ್ಲೇ ಆ ಆ್ಯಪಿನ ಹೆಸರು ಹಾಕಿ ಹುಡುಕಿದೆ. ಒಂದು ಪುಟ ಸಿಕ್ಕಿತು. ಇಳಿಸಿಕೊಳ್ಳಿ ಎನ್ನುವ ಗುಂಡಿಗಳೇ ಐದಾರು. ದೊಡ್ಡದನ್ನು ಒತ್ತಿದೆ. ಗೊತ್ತಿಲ್ಲದ ಕಡೆಯಿಂದ ಬಂದದ್ದನ್ನು ಹಾಕುವುದು ಅಪಾಯ ಎಂದು ಫೋನು ಎಚ್ಚರಿಸಿತು. ಒಪ್ಪಿಗೆ ಕೊಟ್ಟೆ. ಪರದೆಯ ಮೇಲೆ ಕಿವಿಯ ಚಿತ್ರ ಬಂತು. ಗುಬ್ಬಿ, ಇಲ್ಲಿ ಕೇಳು. ಹಳೆಯದರಲ್ಲಿ ಇದ್ದದ್ದು ಬಲಗಿವಿ. ಇದು ಎಡಗಿವಿ. ನಾನು ಅದನ್ನು ಕಂಡೆ. ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವ ಕಣ್ಣು ಇದು, ಕವಿತೆಯೊಂದರಲ್ಲಿ ಅಲ್ಪವಿರಾಮ ಜಾರಿದ್ದರೂ ಹಿಡಿದು ತಂದು ಕೂರಿಸುತ್ತದೆ. ಕಂಡೆ, ಹೊಸ ಮುದ್ರಣದಲ್ಲಿ ಚಿತ್ರ ತಿರುವಿರಬೇಕು ಎಂದುಕೊಂಡು ಮುಂದೆ ಹೋದೆ.

ಆಮೇಲೆ ಅದು ಒಂದೊಂದಾಗಿ ಕೇಳತೊಡಗಿತು. ಮೈಕು ಬೇಕು ಎಂದಿತು. ಕಿವಿಗೆ ಸಂಬಂಧಿಸಿದ್ದಲ್ಲವೇ, ಕೊಟ್ಟೆ. ಹೆಸರುಗಳ ಪಟ್ಟಿ ಕೇಳಿತು, ಸಂದೇಶ ಓದುತ್ತೇನೆ ಎಂದಿತು. ಕೊಟ್ಟೆ. ಕೊನೆಗೆ ಆಕ್ಸೆಸಿಬಿಲಿಟಿ ಎಂಬ ಪುಟಕ್ಕೆ ಕರೆದುಕೊಂಡು ಹೋಯಿತು. ಅದು ಕಣ್ಣು ಮಂದವಾದವರಿಗೆ, ಕಿವಿ ಕೇಳದವರಿಗೆ, ಕೈ ನಡುಗುವವರಿಗೆ ಎಂದು ಫೋನಿನೊಳಗೆ ಮಾಡಿಟ್ಟಿರುವ ಕೋಣೆ. ಅಲ್ಲಿಗೆ ಹೋದಾಗ ನನಗಿದ್ದ ಒಂದಿಷ್ಟು ಅನುಮಾನವೂ ಕರಗಿತು. ಕಿವುಡರ ಯಂತ್ರ ಕಿವುಡರ ಬಾಗಿಲಿನಿಂದಲೇ ತಾನೇ ಬರಬೇಕು? ಬೇರೆ ಯಾವ ಆ್ಯಪ್ ಕೇಳಿದ್ದರೂ ನಾನು ಎರಡು ಸಲ ಯೋಚಿಸುತ್ತಿದ್ದೆ. ಅಪ್ಪನ ಕಿವಿಯ ಹೆಸರಿನಲ್ಲಿ ಕೇಳಿದ್ದಕ್ಕೆ ಕಣ್ಣು ಮುಚ್ಚಿ ಒತ್ತಿದೆ. ಆ ಕೋಣೆಯ ಕೀಲಿ ಸಿಕ್ಕವರು ಪರದೆಯ ಮೇಲಿನದನ್ನೆಲ್ಲ ಓದಬಹುದು, ನಮ್ಮ ಬೆರಳಿನ ಬದಲು ತಾವೇ ಒತ್ತಬಹುದು ಎಂದು ಆಗ ಗೊತ್ತಿರಲಿಲ್ಲ.

ಪರದೆಯ ಮೇಲೆ ಒಂದು ಚಕ್ರ ತಿರುಗಿತು. ಯಂತ್ರವನ್ನು ಹುಡುಕಲಾಗುತ್ತಿದೆ, ಕೆಲವು ದಿನ ಹಿಡಿಯಬಹುದು, ಫೋನನ್ನು ಹತ್ತಿರವೇ ಇಡಿ ಎಂದು ಬರೆದಿತ್ತು. ಇಟ್ಟೆ. ಆರು ದಿನ ಅಪ್ಪನ ದಿಂಬಿನ ಪಕ್ಕ, ಊಟದ ಮೇಜಿನ ಮೇಲೆ, ನನ್ನ ಸೊಂಟದಲ್ಲಿ. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆ ಹೊತ್ತಿಕೊಂಡಿರುತ್ತಿತ್ತು. ಹೊಸ ಫೋನಿನ ಅಲಂಕಾರ ಎಂದುಕೊಂಡಿದ್ದೆ. ಮೈಕು ತೆರೆದಿದೆ ಎಂಬುದರ ಗುರುತು ಅದು.

ಮೊನ್ನೆ ಮಂಗಳವಾರ ಬೆಳಿಗ್ಗೆ ಮುದ್ರಣಾಲಯಕ್ಕೆ ಕಾಲಿಟ್ಟ ಕೂಡಲೇ ಯಜಮಾನರು, "ಏನಮ್ಮಾ, ಕಿವಿ ಮಾರೋ ವ್ಯಾಪಾರ ಶುರು ಮಾಡಿದ್ರಾ?" ಎಂದು ನಗುತ್ತಾ ತಮ್ಮ ಫೋನು ತೋರಿಸಿದರು. 'ಪ್ರಿಯರೇ, ನಿಮ್ಮ ಕುಟುಂಬದವರ ಶ್ರವಣಕ್ಕಾಗಿ ಇದನ್ನು ತಕ್ಷಣ ಅಳವಡಿಸಿ.' ನನ್ನ ಹೆಸರು, ನನ್ನ ಫೋಟೊ, ಎಡಗಿವಿ. ಹಿಂದಿನ ದಿನವೇ ಫೋನಿನಲ್ಲಿದ್ದ ಎಲ್ಲರಿಗೂ ಹೋಗಿದೆ, ನನ್ನ ಕಡೆ ಅದರ ಗುರುತೂ ಉಳಿಯದ ಹಾಗೆ ಅಳಿಸಿದೆ. ಆ್ಯಪನ್ನು ಕಿತ್ತುಹಾಕಲು ಅಲ್ಲೇ ಕೂತೆ. ಕೀಳುವ ಪುಟ ತೆರೆದೆ. ನನ್ನ ಕಣ್ಣೆದುರೇ ಅದು ಮುಚ್ಚಿಕೊಂಡಿತು. ಮತ್ತೆ ತೆರೆದೆ, ಮತ್ತೆ ಮುಚ್ಚಿತು. ನಾನು ಮುಟ್ಟಿರಲಿಲ್ಲ ಗುಬ್ಬಿ. ನಮ್ಮದೇ ಮನೆಯ ಬಾಗಿಲನ್ನು ಒಳಗಿನಿಂದ ಯಾರೋ ಎಳೆದುಕೊಂಡ ಹಾಗೆ. ಕೈಯಲ್ಲಿದ್ದದ್ದನ್ನು ಮೇಜಿನ ಮೇಲೆ ಹಾಕಿ ಹಿಂದೆ ಸರಿದೆ. ಯಜಮಾನರ ನಗು ನಿಂತಿತು.

ಸಂತೆಬೀದಿಯ ತಿರುವಿನಲ್ಲಿ ಫೋನ್ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಾಳೆ. ಹಣೆಗೆ ಭೂತಗನ್ನಡಿ ಏರಿಸಿಕೊಂಡೇ ಇರುತ್ತಾಳೆ, ಮಾತು ಕಡಿಮೆ. ಫೋನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಅದರ ಮುಂದೆ ಮಾತಾಡಲು ಹೆದರಿ ಚೀಟಿಯಲ್ಲಿ ಬರೆದು ತೋರಿಸಿದೆ. ಅವಳು ಓದಿ, ಮೊದಲು ಸಿಮ್ ತೆಗೆದಳು, ವೈಫೈ ಆರಿಸಿದಳು, ಆಮೇಲೆ, "ಈಗ ಮಾತಾಡಿ ಅಕ್ಕಾ, ಕೇಳಿಸ್ಕೊಂಡ್ರೂ ಹೊರಗೆ ಸಾಗಿಸೋಕಾಗಲ್ಲ" ಎಂದಳು. ಆಕ್ಸೆಸಿಬಿಲಿಟಿಯ ಒಪ್ಪಿಗೆ ಕಿತ್ತು, ಆ್ಯಪ್ ಕಿತ್ತು, ಅಷ್ಟಕ್ಕೂ ನಂಬಿಕೆ ಸಾಲದೆ ಫೋನನ್ನೇ ಪೂರ್ತಿ ಅಳಿಸಿ ಹಸುಗೂಸು ಮಾಡಿ ಕೊಟ್ಟಳು. ಗುಪ್ತಪದಗಳನ್ನೆಲ್ಲ ಅವಳ ಕಂಪ್ಯೂಟರಿನಲ್ಲಿ ಕೂತು ಬದಲಿಸಿದೆ. ಆ ಸಂಜೆ ಮುದ್ರಣಾಲಯದ ಫೋನು ಹಿಡಿದು ಮೂವತ್ತೇಳು ಜನಕ್ಕೆ ತಪ್ಪಾಯಿತು ಎಂದು ಹೇಳಿದೆ. ಅವರಲ್ಲಿ ಐವರು ಆಗಲೇ ಹಾಕಿಕೊಂಡಿದ್ದರು. ನಮ್ಮ ಹಳೆಯ ಹೆಡ್ ಮಿಸ್ ಹೇಳಿದ್ದು ಕಿವಿಯಲ್ಲೇ ಇದೆ: "ನೀನು ಯಾವತ್ತೂ ಇಂಥದ್ದು ಕಳಿಸೋಳಲ್ಲ. ಅದಕ್ಕೇ ನಂಬಿದೆ ಕಣಮ್ಮಾ."

ಆ್ಯಪ್‌ಗಳ ಅಂಗಡಿಯ ಹೊರಗಿನದನ್ನು ಹಾಕುವುದೇ ತಪ್ಪೇ ಎಂದು ರಿಪೇರಿಯವಳನ್ನು ಕೇಳಿದೆ. ತಪ್ಪಲ್ಲ, ಆದರೆ ಅಂಗಡಿಯ ಕಾವಲುಗಾರ ಮಾಡುವ ಕೆಲಸವನ್ನು ಆಗ ನಾವೇ ಮಾಡಬೇಕು ಎಂದಳು. ಕಿವಿಯಂತ್ರ ಮಾರಿದವರಿಗೆ ಅವಳೇ ಫೋನು ಮಾಡಿ, ಕಂಪನಿ ಕೊಂಡವರ ಸ್ವಂತ ಪುಟದ ವಿಳಾಸ ಬರೆಸಿಕೊಂಡಳು. ಹಳೆಯ ಯಂತ್ರಗಳ ಆ್ಯಪ್ ಅಲ್ಲೇ ಒಂದು ಮೂಲೆಯಲ್ಲಿತ್ತು. ಅದರ ಕೆಳಗೆ ಅಕ್ಷರ, ಅಂಕಿ ಸೇರಿ ಅರವತ್ತನಾಲ್ಕರ ಒಂದು ಸಾಲು. ನಾವು ಇಳಿಸಿಕೊಂಡ ಕಡತದಿಂದ ಅವಳ ಕಂಪ್ಯೂಟರು ಇನ್ನೊಂದು ಸಾಲು ತೆಗೆಯಿತು. ಎರಡೂ ಒಂದೇ ಆದರೆ ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ ಎಂದರ್ಥ. "ಓದಿ ಅಕ್ಕಾ, ನಿಮ್ಮ ಕಸುಬು ಇದು" ಎಂದಳು. ನಾನು ಗಟ್ಟಿಯಾಗಿ ಓದಿದೆ, ಅವಳು ಬೆರಳಿಟ್ಟು ನೋಡಿದಳು. ಯಾವ ಕವಿತೆಯನ್ನೂ ನಾನು ಅಷ್ಟು ಭಯಭಕ್ತಿಯಿಂದ ಓದಿರಲಿಲ್ಲ. ಒಂದು ಅಕ್ಷರವೂ ತಪ್ಪಲಿಲ್ಲ.

ಆದರೂ ಅಲ್ಲಿ ಹಾಕಿಸಿಕೊಳ್ಳಲು ಧೈರ್ಯ ಬರಲಿಲ್ಲ. ಕಡತವನ್ನು ಫೋನಿಗೆ ತುಂಬಿಸಿಕೊಂಡು, ಫೋನನ್ನು ಮನೆಗೆ ತಂದು ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ. ಮನೆಯಲ್ಲಿ ಪಿಸುಮಾತಿನಲ್ಲೇ ಓಡಾಡಿದೆ, ಅದೂ ಕಿವಿ ಕೇಳದ ಅಪ್ಪನ ಜೊತೆ. ಅಪ್ಪ ನನ್ನ ತುಟಿ ನೋಡಿ ನೋಡಿ ಸೋತು, "ನಿನಗೇನಾಗಿದೆ? ನಂಗೆ ಕಿವಿ ಹೋಯ್ತು, ನಿಂಗೆ ಬಾಯಿ ಹೋಯ್ತಾ?" ಎಂದರು. ನಿನ್ನೆ ಸಂಜೆ ಬೆಳಕಿರುವಾಗಲೇ ಡಬ್ಬಿಯಿಂದ ತೆಗೆದು ಕೂತೆ. ಬೆರಳು ಗುಂಡಿಯ ಮೇಲೆ ಬರುತ್ತಿತ್ತು, ಹಿಂದೆ ಹೋಗುತ್ತಿತ್ತು. ಅಪ್ಪ ಯಂತ್ರ ಕಿವಿಗಿಟ್ಟುಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು ಕಾದರು. ಒತ್ತಿದೆ. ಬಲಗಿವಿ ಬಂತು. ಹತ್ತಿರದ ಯಂತ್ರ ಹುಡುಕಲು ಒಂದು ಒಪ್ಪಿಗೆ ಕೇಳಿತು, ಅಷ್ಟೇ. ಮೈಕು ಕೂಡ ಕೇಳಲಿಲ್ಲ. ಹೊರಗಿನದನ್ನು ಹಾಕಲು ಕೊಟ್ಟಿದ್ದ ಅನುಮತಿಯನ್ನು ರಿಪೇರಿಯವಳು ಹೇಳಿದ ಹಾಗೆ ಕೂಡಲೇ ವಾಪಸು ತೆಗೆದೆ. ಅಪ್ಪ ತಲೆ ವಾಲಿಸಿ ಕಿವಿಗೊಟ್ಟರು. ಆಮೇಲೆ ಕೇಳಿದರು: "ಯಾಕಮ್ಮಾ ಹೀಗೆ ಏದುಸಿರು ಬಿಡ್ತಿದ್ದೀ?"

ಹತ್ತು ದಿನದ ಮೇಲೆ ಅಪ್ಪ ಕೇಳಿಸಿಕೊಂಡ ಮೊದಲ ಸದ್ದು ನನ್ನ ಹೆದರಿಕೆ. ಅವರ ಮುಂದೆ ಅತ್ತುಬಿಟ್ಟೆ, ಅದೂ ಕೇಳಿಸಿತು.

ಅಪ್ಪನ ಕೆಲಸ ಮುಗಿಯಿತು, ನಿನ್ನದು ಉಳಿದಿದೆ. ಕೆಳಗಿನ ಠಾಣೆಯಲ್ಲಿರುವ ಹದಿನೈದು ದಿನವೂ ನೀನು ಬೆಳಿಗ್ಗೆ ಐದಕ್ಕೆ ಮುನ್ನೂರು ಲಾರಿಯವರಿಗೆ ದಾರಿಯ ಸ್ಥಿತಿ ಕಳಿಸುತ್ತೀಯ. ಮಂಜು ಬಿದ್ದಿದೆ, ಮೂರನೆಯ ತಿರುವು ಜಾರುತ್ತದೆ, ಎಂಟರವರೆಗೆ ನಿಲ್ಲಿ. ನೀನು ನಿಲ್ಲಿ ಎಂದರೆ ನಿಲ್ಲುತ್ತಾರೆ, ಬನ್ನಿ ಎಂದರೆ ಇಳಿಯುತ್ತಾರೆ. ನಿನ್ನ ಫೋನಿನೊಳಗೆ ಇದು ಹೊಕ್ಕರೆ, ನಿನ್ನ ಹೆಸರಿನಲ್ಲಿ ಬಂದದ್ದನ್ನು ಆ ಮುನ್ನೂರು ಜನರಲ್ಲಿ ಯಾರು ಅನುಮಾನಿಸುತ್ತಾರೆ? ಮೋಸ ಎಂದು ತಿಳಿದ ಮರುದಿನ ನೀನು ನಿಜವಾಗಿ ನಿಲ್ಲಿ ಎಂದಾಗ ಯಾರು ನಿಲ್ಲುತ್ತಾರೆ? ಕಣ್ಣು ಮುಚ್ಚಿದರೆ ಆ ಮೂರನೆಯ ತಿರುವೇ ಕಾಣುತ್ತದೆ. ಇಷ್ಟು ವರ್ಷ ನಾನು ಓದಿದ ಕವಿತೆಗಳೆಲ್ಲ ಒಬ್ಬರ ದನಿಯನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಮಾಡಿದವು. ದನಿ ಹೀಗೂ ಮುಟ್ಟುತ್ತದೆ ಎಂದು ಗೊತ್ತಿರಲಿಲ್ಲ.

ಸೋಮವಾರದ ತನಕ ಸಮಯವಿದೆ ಎಂಬುದೊಂದೇ ಧೈರ್ಯ. ಸಂದೇಶವನ್ನು ತೆರೆಯದೆ ಅಳಿಸು. ಒಲೆಯ ಹತ್ತಿರ ಕೂತು ಬೆನ್ನು ಸುಟ್ಟುಕೊಳ್ಳಬೇಡ. ಅಪ್ಪ ಆಶೀರ್ವಾದ ಹೇಳಿದ್ದಾರೆ, ನಿನ್ನ ಹಾಡು ಬಿಟ್ಟು ಬೇರೆಲ್ಲ ಕೇಳಿಸುತ್ತಿದೆ, ದೇವರು ದೊಡ್ಡವನು ಎಂದು ಸೇರಿಸಲು ಹೇಳಿದರು.

ನಿನ್ನ ಒಳಿತನ್ನೇ ಎಣಿಸುತ್ತಾ ಕೂತಿರುವ,
ನಿನ್ನ ಅಕ್ಕ, ಅಲ್ಪವಿರಾಮ

ಮರೆತ ಮಾತು: ಮರೆತದ್ದಲ್ಲ, ಈಗ ಬಂದದ್ದು. ಮಧ್ಯಾಹ್ನ ಹನ್ನೆರಡೂವರೆ, ಅಂಗಡಿಯ ಮುಂದೆ ಎಲೆಕೋಸಿನ ಮೂಟೆಯ ಮೇಲೆ ಇಟ್ಟು ಬರೆಯುತ್ತಿದ್ದೇನೆ. ನಿಧಾನಣ್ಣ ಕಾಗದ ತೆಗೆದುಕೊಳ್ಳುವ ಮೊದಲು ತಮ್ಮ ಫೋನು ತೋರಿಸಿದರು. ಇವತ್ತು ಬೆಳಿಗ್ಗೆ ಆರೂಕಾಲಕ್ಕೆ, ನಿನ್ನ ನಂಬರಿನಿಂದ, ಲಾರಿಯವರ ಗುಂಪಿಗೆ. ಪ್ರಿಯರೇ. ಎಡಗಿವಿ. ಹಾಗಾದರೆ ನೀನು ನಿನ್ನೆಯೇ ಇಳಿದಿದ್ದೀಯ. ಮೇಲೆ ಗಾಳಿ ಜೋರಾಗಿರಬೇಕು. ನನ್ನ ಹೆಸರು ನೋಡಿ ಒತ್ತಿದ್ದೀಯ. ನೀನು ಇದನ್ನು ಓದುವಾಗ ಫೋನು ಚಾಲೂ ಇದ್ದರೆ ಮೊದಲು ಆರಿಸು, ಸಿಮ್ ಕಿತ್ತಿಡು. ಕೀಳುವ ಪುಟ ತಾನಾಗಿ ಮುಚ್ಚಿಕೊಂಡರೆ ಹೆದರಬೇಡ, ಹೆದರಿದರೂ ಆರಿಸು. ವೈರ್‌ಲೆಸ್ಸಿನಿಂದ, ಬಾಯಿಂದ, ಠಾಣೆಯ ಮುಂದೆ ದಾರಿಗೆ ಹಾಕಿರುವ ಅಡ್ಡಕಂಬಿಯ ಹತ್ತಿರ ನಿಂತು ಕೈ ಅಡ್ಡ ಹಾಕಿ ಒಬ್ಬೊಬ್ಬ ಡ್ರೈವರಿಗೂ ಹೇಳು. ನಿಧಾನಣ್ಣ ಒತ್ತಿಲ್ಲ. ಯಾಕೆ ಎಂದು ಕೇಳಿದೆ. "ನಮ್ಮ ಮೇಡಮ್ಮು ದಾರಿ ಬಿಟ್ಟು ಇನ್ನೊಂದು ಮಾತು ಬರೆಯಲ್ಲ ಅಕ್ಕಾ. ಪ್ರಿಯರೇ ಅಂತ ಅವ್ರು ನಮ್ಮನ್ನ ಯಾವತ್ತು ಕರೆದಿದ್ದಾರೆ?" ಎಂದರು. ದಾರಿಯಲ್ಲಿ ಎದುರಾದ ಪ್ರತಿ ಲಾರಿಯನ್ನೂ ನಿಲ್ಲಿಸಿ ಇದನ್ನೇ ಹೇಳುತ್ತೇನೆ ಎಂದಿದ್ದಾರೆ. ಇವತ್ತೊಂದು ದಿನ ನಿಧಾನ ಬೇಡ ಎಂದು ಬೇಡಿಕೊಂಡೆ. ಎಂಜಿನ್ ಹಾಕಿ ಕೈ ಚಾಚಿದ್ದಾರೆ, ಕೊಡುತ್ತಿದ್ದೇನೆ.